ಬರೆದ ಹುಡುಗಿ, ಬರೆದ ಪತ್ರ, ಬರೆದ ಪೆನ್ನು: ಇಂಗ್ಲಿಷಿನಲ್ಲಿ ‘ಹೂ’, ‘ವಿಚ್’ ತೆಗೆದರೆ ಕಾಲ ಎಲ್ಲಿಗೆ ಹೋಗುತ್ತದೆ?

ದಾವಣಗೆರೆ_ಆಫೀಸು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪಿಯುಸಿವರೆಗೂ ಓದಿದ್ದು ಕನ್ನಡ ಮೀಡಿಯಂ. ಪ್ರಿನ್ಸಿಪಾಲರು ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಇಂಗ್ಲಿಷಿಗೆ ತಿರುಗಿಸಿ ನೋಟಿಸ್ ಬೋರ್ಡಿಗೂ ಪೋಷಕರ ವಾಟ್ಸಾಪ್ ಗ್ರೂಪಿಗೂ ಹಾಕುವುದು ನನ್ನ ಕೆಲಸ.

ಕಳೆದ ತಿಂಗಳು ಹೀಗಾಯಿತು. ಕನ್ನಡದಲ್ಲಿ ಇದ್ದದ್ದು, ‘24ರಂದು ನಡೆಯುವ ಸಭೆಗೆ ಪೋಷಕರು ಬರಬೇಕು’ ಅಂತ. ನಾನು ಬರೆದದ್ದು, ‘ಪೇರೆಂಟ್ಸ್ ಆರ್ ರಿಕ್ವೆಸ್ಟೆಡ್ ಟು ಅಟೆಂಡ್ ದ ಮೀಟಿಂಗ್ ಹೆಲ್ಡ್ ಆನ್ 24 ಜೂನ್.’ ಅರ್ಧ ಗಂಟೆಯಲ್ಲಿ ಮೂರು ಫೋನು ಬಂತು. ಒಬ್ಬರು, ‘ಮೀಟಿಂಗ್ ಮುಗಿದೇ ಹೋಯ್ತಾ ಮೇಡಂ, ನಮಗೆ ಗೊತ್ತೇ ಆಗಲಿಲ್ಲ’ ಅಂದರು. ಪಾಪ, ಅವರ ಮಗಳ ಹಾಜರಿ ಕಡಿಮೆ ಇತ್ತು. ಗಾಬರಿ ಆಗಿದ್ದರು. ಆವತ್ತಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಹೈಸ್ಕೂಲಿನಲ್ಲಿ ಕಲಿಸಿದ ಸೂತ್ರ ಇಷ್ಟೇ. ‘ಹೂ, ವಿಚ್ ತೆಗೆ. ಈಸ್, ವಾಸ್ ತೆಗೆ. ಉಳಿದದ್ದು ಬರೆ.’ ಅದನ್ನೇ ಹಿಡಿದುಕೊಂಡು ಇಷ್ಟು ವರ್ಷ ನಡೆಸಿದ್ದೇನೆ. ಆದರೆ ಮೂರು ಕಡೆ ಕೈ ಕೊಡುತ್ತದೆ.

ಮೊದಲನೆಯದು ಈ ಸಭೆಯದು. ಎರಡನೆಯದು, ‘ನಿನ್ನೆ ಕಿಟಕಿ ಒಡೆದ ಹುಡುಗ ಅಪ್ಪನನ್ನು ಕರೆದುಕೊಂಡು ಬಂದಿದ್ದಾನೆ’ ಅನ್ನುವುದು. ನಾನು ‘ದ ಬಾಯ್ ಬ್ರೋಕನ್ ದ ವಿಂಡೋ’ ಅಂತ ಬರೆದೆ. ಒಡೆದ ಅಂದರೆ ಮುಗಿದ ಕೆಲಸ, ಹಾಗಾಗಿ ವಿ-3, ಅಂದರೆ ಕ್ರಿಯಾಪದದ ಮೂರನೆಯ ರೂಪ, ಬರಬೇಕು ಅಂತ ನನ್ನ ಲೆಕ್ಕ. ಇಂಗ್ಲಿಷ್ ಲೆಕ್ಚರರ್ ಒಬ್ಬರು ಅದನ್ನು ಹೊಡೆದುಹಾಕಿದರು. ‘ಬ್ರೇಕಿಂಗ್’ ಅಂತ ತಿದ್ದಿದೆ. ಅದನ್ನೂ ಹೊಡೆದುಹಾಕಿದರು. ಯಾಕೆ ಅಂತ ಹೇಳಲು ಅವರಿಗೆ ಪುರುಸೊತ್ತು ಇರಲಿಲ್ಲ.

ಮೂರನೆಯದು ಬೇರೆ ಥರ. ‘ದಿಸ್ ಫೈಲ್ ಈಸ್ ಕಂಟೈನಿಂಗ್ ಓಲ್ಡ್ ಬಿಲ್ಸ್’ ತಪ್ಪಂತೆ. ಸರಿ, ಒಪ್ಪಿದೆ. ಆದರೆ ‘ದ ಫೈಲ್ ಕಂಟೈನಿಂಗ್ ಓಲ್ಡ್ ಬಿಲ್ಸ್’ ಸರಿಯಂತೆ! ‘ಈಸ್’ ಇದ್ದಾಗ ತಪ್ಪಾದದ್ದು ‘ಈಸ್’ ತೆಗೆದ ಕೂಡಲೇ ಸರಿ ಆಗುವುದು ಹೇಗೆ?

ನನಗೆ ಬೇಕಾದದ್ದು ಸೂತ್ರ ಅಲ್ಲ. ಇದರಲ್ಲಿ ಕಾಲ ಎಲ್ಲಿ ಕೂತಿರುತ್ತದೆ ಅನ್ನುವುದು ಅರ್ಥ ಆಗಬೇಕು. ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ_ಮೇಷ್ಟ್ರು:

ಮೇಡಂ, ನಾನು 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ನೀವು ಹೇಳಿದ ಸೂತ್ರವನ್ನು ಮೊದಮೊದಲು ನಾನೂ ಮಕ್ಕಳಿಗೆ ಕಲಿಸಿದ್ದೇನೆ. ಅದು ಪರೀಕ್ಷೆಯ ಒಂದು ಮಾರ್ಕಿಗೆ ಸಾಕು, ಬರೆಯುವ ಕೆಲಸಕ್ಕೆ ಸಾಲದು. ನೀವು ಕೇಳಿದ ಪ್ರಶ್ನೆ ಸರಿಯಾದ ಜಾಗದಲ್ಲಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಧಾನವಾಗಿ ಓದಿ.

ಕನ್ನಡದಿಂದ ಶುರು ಮಾಡೋಣ. ತಪ್ಪು ಹುಟ್ಟುವುದು ಅಲ್ಲೇ. ನಾನು ಬೋರ್ಡಿನ ನಡುವೆ ದೊಡ್ಡದಾಗಿ ‘ಬರೆದ’ ಅಂತ ಒಂದೇ ಮಾತು ಬರೆಯುತ್ತಿದ್ದೆ. ಇದರ ಮುಂದೆ ಏನೇನು ಬರಬಹುದು ಅಂತ ಕೇಳುತ್ತಿದ್ದೆ. ಮಕ್ಕಳು ಕೂಗುತ್ತಿದ್ದರು. ಪತ್ರ ಬರೆದ ಹುಡುಗಿ. ಹುಡುಗಿ ಬರೆದ ಪತ್ರ. ಪತ್ರ ಬರೆದ ಪೆನ್ನು. ಪತ್ರ ಬರೆದ ದಿನ. ಪತ್ರ ಬರೆದ ಮೇಜು. ಎಲ್ಲದಕ್ಕೂ ಅದೇ ‘ಬರೆದ’. ಹುಡುಗಿ ಬರೆದವಳು, ಪತ್ರ ಬರೆಸಿಕೊಂಡದ್ದು, ಪೆನ್ನು ಕೈಯಲ್ಲಿದ್ದದ್ದು. ಪಾತ್ರ ಬೇರೆ ಬೇರೆ, ಆದರೆ ಮಾತು ಒಂದೇ. ಯಾರು ಮಾಡಿದ್ದು, ಯಾವುದಕ್ಕೆ ಆದದ್ದು ಅನ್ನುವುದನ್ನು ‘ಬರೆದ’ ಹೇಳುವುದೇ ಇಲ್ಲ. ಅದು ಹೇಳುವುದು ಒಂದನ್ನೇ: ಕೆಲಸ ಮುಗಿದಿದೆ. ‘ಬರೆಯುವ’ ಅಂತ ತಿದ್ದಿ ನೋಡಿ, ಎಲ್ಲರ ಕಾಲವೂ ಒಟ್ಟಿಗೆ ಬದಲಾಗುತ್ತದೆ. ‘ಬರೆಯದ’ ಅಂದರೆ ಎಲ್ಲದಕ್ಕೂ ನಿಷೇಧ. ಶಾಲೆಯ ವ್ಯಾಕರಣದಲ್ಲಿ ಇದನ್ನೇ ಕೃದಂತನಾಮ ಅಂತ ಓದಿರುತ್ತೀರಿ. ಭೂತ, ವರ್ತಮಾನ-ಭವಿಷ್ಯತ್, ನಿಷೇಧ. ಆ ಹೆಸರುಗಳನ್ನೇ ನೋಡಿ. ಒಂದರಲ್ಲೂ ‘ಮಾಡಿದವನು’, ‘ಮಾಡಿಸಿಕೊಂಡದ್ದು’ ಅನ್ನುವ ಮಾತಿಲ್ಲ.

ಇಂಗ್ಲಿಷ್ ಇದಕ್ಕೆ ಪೂರ್ತಿ ತಿರುಗುಮುರುಗು. ‘ರೈಟಿಂಗ್’, ‘ರಿಟನ್’ ಎರಡೂ ಮೊದಲು ಹೇಳುವುದು ಪಾತ್ರವನ್ನು. ‘ದ ಗರ್ಲ್ ರೈಟಿಂಗ್’ ಅಂದರೆ ಬರೆಯುವವಳು. ‘ದ ಲೆಟರ್ ರಿಟನ್’ ಅಂದರೆ ಬರೆಸಿಕೊಂಡದ್ದು. ಇವೆರಡರಲ್ಲೂ ನಿನ್ನೆ, ಇವತ್ತು, ನಾಳೆ ಅನ್ನುವುದು ಇಲ್ಲ. ಪೆನ್ನಿಗೂ ಮೇಜಿಗೂ ದಿನಕ್ಕೂ ಈ ಎರಡರಲ್ಲಿ ಒಂದೂ ಹೊಂದುವುದಿಲ್ಲ. ಅಲ್ಲಿ ‘ವಿಚ್’, ‘ವೇರ್’, ‘ವೆನ್’ ಇಟ್ಟುಕೊಂಡು ಪೂರ್ತಿ ವಾಕ್ಯವನ್ನೇ ಬರೆಯಬೇಕು.

ಹಾಗಾದರೆ ಕಾಲ ಎಲ್ಲಿಂದ ಬರುತ್ತದೆ? ಮುಖ್ಯ ಕ್ರಿಯಾಪದದಿಂದ. ತನ್ನ ಗಡಿಯಾರ ಇಲ್ಲದ ಮನೆ ಪಕ್ಕದ ಮನೆಯ ಗಡಿಯಾರ ನೋಡಿದ ಹಾಗೆ. ‘ದ ಗರ್ಲ್ ರೈಟಿಂಗ್ ಎ ಲೆಟರ್ ಈಸ್ ಮೈ ಸಿಸ್ಟರ್.’ ಇಲ್ಲಿ ಅವಳು ಈಗ ಬರೆಯುತ್ತಿದ್ದಾಳೆ. ‘ದ ಗರ್ಲ್ ರೈಟಿಂಗ್ ಎ ಲೆಟರ್ ಲುಕ್ಡ್ ಅಪ್.’ ಇಲ್ಲಿ ಆಗ ಬರೆಯುತ್ತಿದ್ದಳು. ‘ರೈಟಿಂಗ್’ ಒಂದು ಅಕ್ಷರವೂ ಬದಲಾಗಿಲ್ಲ. ‘ಎನಿಒನ್ ಎಂಟರಿಂಗ್ ದ ಲ್ಯಾಬ್ ಟುಮಾರೋ ಮಸ್ಟ್ ಶೋ ದ ಐಡಿ ಕಾರ್ಡ್.’ ಇಲ್ಲಿ ಅದೇ ಇಂಗ್ ನಾಳೆಯದು. ಕನ್ನಡದಲ್ಲಿ ಇದಕ್ಕೆಲ್ಲ ಬರೆಯುತ್ತಿರುವ, ಬರೆಯುತ್ತಿದ್ದ, ಬರುವ ಅಂತ ಬೇರೆ ಬೇರೆ ರೂಪ ಇದೆ, ಅಲ್ವಾ?

ಈಗ ನಿಮ್ಮ ಕಿಟಕಿ. ‘ದ ಬಾಯ್ ಬ್ರೋಕನ್’ ಅಂದರೆ ಒಡೆದುಹೋದವನು ಹುಡುಗನೇ ಅಂತ ಆಗುತ್ತದೆ. ವಿ-3 ಯಾವಾಗಲೂ ‘ಆಯಿತು’ ಅನ್ನುವ ಕಡೆ ಇರುತ್ತದೆ, ‘ಮಾಡಿದ’ ಅನ್ನುವ ಕಡೆ ಅಲ್ಲ. ಹಾಗಾಗಿ ಹುಡುಗನಿಗೆ ಸಲ್ಲುವುದು ಇಂಗ್ ಮಾತ್ರ. ಆದರೆ ‘ದ ಬಾಯ್ ಬ್ರೇಕಿಂಗ್ ದ ವಿಂಡೋ ಹ್ಯಾಸ್ ಕಮ್’ ಅಂದರೆ ಗಡಿಯಾರದ ತೊಂದರೆ. ಮುಖ್ಯ ಕ್ರಿಯೆ ಇವತ್ತಿನದು. ಓದುವವರ ಕಣ್ಣಿಗೆ ಹುಡುಗ ಇವತ್ತೂ ಕಲ್ಲು ಹಿಡಿದು ನಿಂತಿರುತ್ತಾನೆ. ಅವನು ಒಡೆದದ್ದು ನಿನ್ನೆ, ಒಂದೇ ಸಲ, ಒಂದು ಕ್ಷಣದಲ್ಲಿ. ಹಾಗೆ ಒಮ್ಮೆ ಆಗಿ ಮುಗಿದುಹೋದ ಕೆಲಸವನ್ನು ಇಂಗ್ ಹೊರುವುದಿಲ್ಲ. ನಿಮ್ಮ ಲೆಕ್ಚರರ್ ಎರಡನ್ನೂ ಹೊಡೆದುಹಾಕಿದ್ದು ಸರಿಯೇ. ‘ದ ಬಾಯ್ ಹೂ ಬ್ರೋಕ್ ದ ವಿಂಡೋ’ ಅಂತ ಬರೆಯಿರಿ. ‘ಹೂ’ ಉಳಿಸಿಕೊಂಡರೆ ಇಂಗ್ಲಿಷ್ ಕಡಿಮೆ ಆಗಿಬಿಡುತ್ತದೆ ಅನ್ನುವ ಭಯ ನಮ್ಮವರಲ್ಲಿ ಜಾಸ್ತಿ. ಆ ಭಯ ಬೇಡ.

ಫೈಲಿನದು ಸುಲಭ. ‘ಕಂಟೈನಿಂಗ್’ ಅನ್ನುವುದು ‘ಈಸ್ ಕಂಟೈನಿಂಗ್’ನಿಂದ ‘ಈಸ್’ ಕಳೆದು ಉಳಿದದ್ದಲ್ಲ. ಅದು ‘ವಿಚ್ ಕಂಟೈನ್ಸ್’ ಅನ್ನುವುದರ ಬದಲಿಗೆ ಬಂದದ್ದು. ನಿಮ್ಮ ಸೂತ್ರ ಮುರಿಯುವುದು ಇಲ್ಲೇ. ಪೂರ್ತಿ ವಾಕ್ಯದಲ್ಲಿ ಇಂಗ್ ‘ನಡೆಯುತ್ತಿದೆ’ ಅನ್ನುತ್ತದೆ. ನಾಮಪದದ ಹಿಂದೆ ಕೂತಾಗ ‘ಇದನ್ನು ಮಾಡುವಂಥದ್ದು’ ಅಂದರೆ ಸಾಕು. ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋದಾಗ ವಿಂಧ್ಯಗಿರಿಯ ಮೆಟ್ಟಿಲ ಮೇಲೆ ಕೂರಿಸಿ ಇದೇ ಹೇಳಿದ್ದೆ. ‘ದ ಸ್ಟ್ಯಾಚ್ಯೂ ಓವರ್‌ಲುಕಿಂಗ್ ದ ಟೌನ್.’ ಊರಿನ ಕಡೆ ನೋಡುತ್ತಿರುವ ಗೊಮ್ಮಟ. ಸಾವಿರ ವರ್ಷದಿಂದ ನೋಡುತ್ತಲೇ ಇದ್ದಾನೆ. ಈ ಇಂಗ್‌ಗೆ ‘ಈ ಕ್ಷಣ’ ಅನ್ನುವ ಅರ್ಥವೇ ಇಲ್ಲ. ‘ಬಿಲಾಂಗಿಂಗ್’, ‘ನೋಯಿಂಗ್’, ‘ವಿಶಿಂಗ್’ ಎಲ್ಲ ಇದೇ ಜಾತಿ.

ಕೊನೆಗೆ ಸಭೆ. ವಿ-3 ಪಾತ್ರ ಹೇಳುತ್ತದೆ ಅಂದೆ. ಅದರ ಜೊತೆಗೆ, ಒಮ್ಮೆ ಆಗುವಂಥ ಕೆಲಸವಾದರೆ, ಅದು ಪೂರ್ತಿ ಆದದ್ದು ಅನ್ನುವ ಛಾಯೆಯೂ ಬರುತ್ತದೆ. ಆಗದೆ ಇದ್ದರೆ ಅದಕ್ಕೆ ಮುಂದೆ ಒಂದು ಮಾತು ಸೇರಿಸಬೇಕು. ವಿಧಾನಸೌಧವನ್ನು ನೆನಪಿಸಿಕೊಳ್ಳಿ. ಅಡಿಗಲ್ಲು ಇಟ್ಟದ್ದು 1951ರ ಜುಲೈನಲ್ಲಿ, ಕಟ್ಟಡ ಮುಗಿದದ್ದು 1956ರಲ್ಲಿ. ಅಡಿಗಲ್ಲಿನ ದಿನ ಯಾರಾದರೂ ಬರೆದಿದ್ದರೆ ‘ದ ಬಿಲ್ಡಿಂಗ್ ಟು ಬಿ ಬಿಲ್ಟ್ ಹಿಯರ್’ ಅನ್ನಬೇಕಿತ್ತು. 1953ರಲ್ಲಾದರೆ ‘ಬೀಯಿಂಗ್ ಬಿಲ್ಟ್’. ಮುಗಿದ ಮೇಲೆ ಬರೀ ‘ಬಿಲ್ಟ್’. ಕಟ್ಟಲಿರುವ, ಕಟ್ಟುತ್ತಿರುವ, ಕಟ್ಟಿದ. ನಿಮ್ಮ ‘ನಡೆಯುವ ಸಭೆ’ ಅಡಿಗಲ್ಲಿನ ಹಂತದಲ್ಲಿತ್ತು, ನೀವು ಬರೆದ ‘ಹೆಲ್ಡ್’ ಅದನ್ನು ಮುಗಿಸಿಬಿಟ್ಟಿತು. ‘ದ ಮೀಟಿಂಗ್ ಟು ಬಿ ಹೆಲ್ಡ್ ಆನ್ 24 ಜೂನ್’ ಅಂದಿದ್ದರೆ ಆ ಮೂರು ಫೋನು ಬರುತ್ತಿರಲಿಲ್ಲ.

ದಾವಣಗೆರೆ_ಆಫೀಸು:

ಸರ್, ಬಹಳ ಉಪಕಾರ ಆಯಿತು. ‘ಬರೆದ’ ಅನ್ನುವುದನ್ನು ಕಾಗದದ ಮೇಲೆ ಬರೆದು ಸುತ್ತ ಹುಡುಗಿ, ಪತ್ರ, ಪೆನ್ನು ಅಂತ ಬರೆದುಕೊಂಡು ಕೂತೆ. ಇಷ್ಟು ವರ್ಷ ದಿನವೂ ಆಡುವ ಮಾತು, ಹೀಗೆ ನೋಡಿರಲೇ ಇಲ್ಲ.

ಇನ್ನೆರಡು ಕೇಳಲೇ? ‘ನಿನ್ನೆ ಬಂದ ಅತಿಥಿ’ಯನ್ನು ‘ದ ಗೆಸ್ಟ್ ಅರೈವ್ಡ್ ಯೆಸ್ಟರ್‌ಡೇ’ ಅನ್ನುವಂತಿಲ್ಲ ಅಂತ ಈಗ ಗೊತ್ತಾಯಿತು. ಹಾಗಾದರೆ ‘ರಿಟೈರ್ಡ್ ಟೀಚರ್’ ಹೇಗೆ ಸರಿ? ಅವರನ್ನು ಯಾರೂ ರಿಟೈರ್ ಮಾಡಿಲ್ಲ, ಅವರೇ ಆದದ್ದು. ಮತ್ತೆ, ಕೆಲಸದ ಜಾಹೀರಾತುಗಳಲ್ಲಿ ‘ಕ್ಯಾಂಡಿಡೇಟ್ಸ್ ಹ್ಯಾವಿಂಗ್ ಪಾಸ್ಡ್ ಡಿಗ್ರಿ’ ಅಂತ ನೋಡುತ್ತೇನೆ. ‘ಮುಗಿದ’ ಅಂತ ಹೇಳಲು ಹ್ಯಾವಿಂಗ್ ಹಾಕಿದರೆ ಆಯಿತಾ? ಹಾಗಾದರೆ ಕಿಟಕಿ ಒಡೆದ ಹುಡುಗನಿಗೂ ಅದೇ ಹಾಕಬಹುದಲ್ಲ?

ಧಾರವಾಡದ_ಅನುವಾದಕಿ:

ಮೇಡಂ, ಮೇಷ್ಟ್ರು ಬರುವ ಮೊದಲು ನಾನು ಹೇಳುತ್ತೇನೆ. ಕೋರ್ಟಿನ ಕಾಗದಪತ್ರ, ಜಮೀನಿನ ಪತ್ರ ಅನುವಾದ ಮಾಡುವುದು ನನ್ನ ಕಸುಬು. ದಿನವೂ ಇದೇ ಜಗಳ.

‘ರಿಟೈರ್ಡ್’, ‘ಫಾಲನ್’, ‘ಎಸ್ಕೇಪ್ಡ್’ ಇಂಥ ಕೆಲವು ಮಾತು ಇವೆ. ಕರ್ಮ ಇಲ್ಲದ ಕ್ರಿಯಾಪದಗಳೇ, ಆದರೂ ವಿ-3 ರೂಪದಲ್ಲಿ ನಾಮಪದದ ಮುಂದೆ ನಿಲ್ಲುತ್ತವೆ. ಯಾಕೆ ಅಂದರೆ ಅವು ಕೆಲಸಕ್ಕಿಂತ ಈಗಿನ ಸ್ಥಿತಿಯನ್ನು ಹೇಳುತ್ತವೆ. ‘ಫಾಲನ್ ಲೀವ್ಸ್’ ಅಂದರೆ ನೆಲದ ಮೇಲೆ ಬಿದ್ದಿರುವ ಎಲೆ. ಅತಿಥಿ ಬಂದದ್ದು ಒಂದು ಘಟನೆ, ಅದರಿಂದ ಅವರಿಗೆ ಹೊಸ ಸ್ಥಿತಿ ಬರಲಿಲ್ಲ. ಇವು ಕೈಬೆರಳೆಣಿಕೆಯಷ್ಟು. ಬಂದ ಹಾಗೆ ಕಲಿತುಬಿಡಿ.

ಹ್ಯಾವಿಂಗ್ ವಿಷಯ ಮುಖ್ಯ. ‘ಕ್ಯಾಂಡಿಡೇಟ್ಸ್ ಹ್ಯಾವಿಂಗ್ ಎ ಡಿಗ್ರಿ’ ಚೆನ್ನಾಗಿದೆ. ಅಲ್ಲಿ ಹ್ಯಾವಿಂಗ್ ಅಂದರೆ ‘ಉಳ್ಳ’, ‘ಇರುವ’. ‘ಹ್ಯಾವಿಂಗ್ ಪಾಸ್ಡ್’ ಬೇರೆ ವಸ್ತು. ಅದು ಕನ್ನಡದ ‘ಪಾಸಾದ’ ಅಲ್ಲ, ‘ಪಾಸಾಗಿ’. ಸರ್ ಹೇಳಿದ ಕೃದಂತದ ಮಾತಿನಲ್ಲೇ ಹೇಳುವುದಾದರೆ ಅದು ಕೃದಂತನಾಮ ಅಲ್ಲ, ಕೃದಂತಾವ್ಯಯ. ‘ಹ್ಯಾವಿಂಗ್ ಬ್ರೋಕನ್ ದ ವಿಂಡೋ, ದ ಬಾಯ್ ರಾನ್ ಅವೇ.’ ಕಿಟಕಿ ಒಡೆದು ಹುಡುಗ ಓಡಿಹೋದ. ಇದು ಚೊಕ್ಕವಾಗಿದೆ. ಆದರೆ ಯಾವ ಹುಡುಗ ಅಂತ ಗುರುತು ಹೇಳಲು ಅದನ್ನು ಹುಡುಗನ ಹಿಂದೆ ಅಂಟಿಸಿದರೆ ಒಡ್ಡೊಡ್ಡಾಗುತ್ತದೆ. ಜಾಹೀರಾತಿನಲ್ಲಿ ಕಾಣುತ್ತದೆ ನಿಜ. ನೀವು ಬರೆಯುವಾಗ ‘ಕ್ಯಾಂಡಿಡೇಟ್ಸ್ ಹೂ ಹ್ಯಾವ್ ಪಾಸ್ಡ್’ ಅಂತಲೇ ಬರೆಯಿರಿ.

ಇನ್ನೊಂದು ಎಚ್ಚರಿಕೆ, ಇದು ನನ್ನ ಕೈಯಲ್ಲೇ ಆದದ್ದು. ಕನ್ನಡದ ಹೇಳಿಕೆಯಲ್ಲಿ ‘ಆ ಮನೆಯಲ್ಲಿ ವಾಸವಿದ್ದ ವ್ಯಕ್ತಿ ಕರಾರಿಗೆ ಸಹಿ ಮಾಡಿದರು’ ಅಂತ ಇತ್ತು. ನಾನು ‘ದ ಪರ್ಸನ್ ಲಿವಿಂಗ್ ಇನ್ ದ ಹೌಸ್ ಸೈನ್ಡ್ ದ ಅಗ್ರಿಮೆಂಟ್’ ಅಂತ ಮಾಡಿದೆ. ವ್ಯಾಕರಣ ಸರಿ ಇದೆ. ವಕೀಲರು ಪೆನ್ಸಿಲ್ಲಿನಿಂದ ‘ಲಿವಿಂಗ್’ಗೆ ಸುತ್ತು ಹಾಕಿ, ‘ಆಗ ಇದ್ದವರೋ, ಈಗ ಇರುವವರೋ?’ ಅಂತ ಕೇಳಿದರು. ಆ ಇಡೀ ವ್ಯಾಜ್ಯ ಇದ್ದದ್ದೇ ಅದರ ಮೇಲೆ. ಸಹಿ ಮಾಡಿದವರು ಒಬ್ಬರು, ಆಮೇಲೆ ಬಂದು ಕೂತವರು ಇನ್ನೊಬ್ಬರು. ‘ವಾಸವಿದ್ದ’ ಅನ್ನುವುದರಲ್ಲಿ ಸ್ಪಷ್ಟ ಇದ್ದ ಕಾಲವನ್ನು ನಾನು ಇಂಗ್ ಹಾಕಿ ಅಳಿಸಿಬಿಟ್ಟಿದ್ದೆ. ‘ಹೂ ವಾಸ್ ದೆನ್ ಲಿವಿಂಗ್’ ಅಂತ ತಿದ್ದಿದೆ. ಅವತ್ತಿನಿಂದ ಕಾಲದ ಮೇಲೆ ಏನಾದರೂ ನಿಂತಿದ್ದರೆ ನಾನು ‘ಹೂ’ ತೆಗೆಯುವುದಿಲ್ಲ.

ಕನ್ನಡ_ಎಂಎ:

ಸರ್, ನಿಮ್ಮ ವಿವರಣೆ ತುಂಬಾ ಇಷ್ಟ ಆಯಿತು. ಒಂದು ಕಡೆ ಮಾತ್ರ ಒಪ್ಪಲು ಆಗುತ್ತಿಲ್ಲ. ಕನ್ನಡದ ಕೃದಂತಕ್ಕೆ ತನ್ನದೇ ಗಡಿಯಾರ ಇದೆ ಅನ್ನುವ ಹಾಗೆ ಬರೆದಿದ್ದೀರಿ. ‘ನಾಳೆ ಮೊದಲು ಬಂದವರಿಗೆ ಸೀಟು’ ಅನ್ನುತ್ತೇವೆ. ನಾಳೆಯ ಮಾತು, ಆದರೂ ‘ಬಂದ’. ‘ನಾಳೆ ಮೊದಲು ಬರುವವರಿಗೆ’ ಅಂತಲೂ ಅನ್ನಬಹುದು, ಆದರೆ ಬಸ್ ಸ್ಟ್ಯಾಂಡಿನಲ್ಲಿ ಬಾಯಿಗೆ ಬರುವುದು ‘ಬಂದವರಿಗೆ’. ಇನ್ನೊಂದು ಕಡೆ, ‘ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ನಿನ್ನೆ ಸಿಕ್ಕಿದ್ದ.’ ಸಿಕ್ಕಿದ್ದು ನಿನ್ನೆ, ಆದರೂ ‘ಮಾಡುವ’.

ಅಂದರೆ ನಮ್ಮ ‘ಬಂದ’ ನಿನ್ನೆಯದು ಅಂತ ಹೇಳುವುದಿಲ್ಲ. ಮುಖ್ಯ ಕ್ರಿಯೆಗಿಂತ ಮೊದಲೇ ಮುಗಿದಿರುತ್ತದೆ ಅಂತ ಹೇಳುತ್ತದೆ. ಮೊದಲು ಬರಬೇಕು, ಆಮೇಲೆ ಸೀಟು. ಹಾಗಾಗಿ ಕನ್ನಡವೂ ಪಕ್ಕದ ಮನೆಯ ಗಡಿಯಾರ ನೋಡುತ್ತದೆ. ಆದರೆ ‘ಅದಕ್ಕಿಂತ ಮೊದಲು’ ಅಂತಲೋ ‘ಇನ್ನೂ ಮುಗಿದಿಲ್ಲ’ ಅಂತಲೋ ತಾನೇ ಹೇಳಿಕೊಳ್ಳುತ್ತದೆ. ಇಂಗ್ ಅದನ್ನು ಹೇಳುವುದಿಲ್ಲ.

ನಿವೃತ್ತ_ಮೇಷ್ಟ್ರು:

ನೀವು ಹೇಳಿದ್ದು ಸರಿ, ತಮ್ಮಾ. ನಾನು ‘ಕಾಲ’ ಅಂದದ್ದು ಸಡಿಲ ಮಾತಾಯಿತು. ‘ಮುಗಿದದ್ದು, ಮುಗಿಯದ್ದು’ ಅನ್ನುವುದೇ ಬಿಗಿಯಾದ ಮಾತು. 31 ವರ್ಷ ಬೋರ್ಡಿನ ಮೇಲೆ ‘ಬರೆದ’ ಬರೆದೆ, ‘ನಾಳೆ ಬಂದವರಿಗೆ’ ಅನ್ನುವುದನ್ನು ಅದರ ಪಕ್ಕ ಬರೆಯಬೇಕಿತ್ತು ಅಂತ ಈಗ ಅನ್ನಿಸುತ್ತಿದೆ. ನಿಮ್ಮ ಆ ಉದಾಹರಣೆಯಿಂದ ಮೇಡಂಗೆ ಇನ್ನೊಂದು ಲಾಭ ಇದೆ. ‘ಅಪ್ಲಿಕೇಶನ್ಸ್ ರಿಸೀವ್ಡ್ ಆಫ್ಟರ್ 5 ಪಿಎಂ ಟುಮಾರೋ ವಿಲ್ ಬಿ ರಿಜೆಕ್ಟೆಡ್.’ ನಾಳೆ ಐದರ ಮೇಲೆ ಬಂದ ಅರ್ಜಿ ತೆಗೆದುಕೊಳ್ಳುವುದಿಲ್ಲ. ಎರಡು ಭಾಷೆಯೂ ಇಲ್ಲಿ ಒಂದೇ ಹಾದಿ. ‘ರಿಸೀವ್ಡ್’ ನಾಳೆಯದೇ, ಆದರೆ ‘ರಿಜೆಕ್ಟ್’ ಆಗುವ ಹೊತ್ತಿಗೆ ಅದು ಆಗಿ ಮುಗಿದಿರುತ್ತದೆ. ಸಭೆಗೆ ಇದು ಕೆಲಸ ಮಾಡಲಿಲ್ಲ, ಯಾಕೆ ಅಂದರೆ ಸಭೆಗೆ ಬರುವ ಹೊತ್ತಿಗೆ ಸಭೆ ಮುಗಿದಿರಬಾರದು.

ಧಾರವಾಡದ ಮೇಡಂ, ‘ಪಾಸಾದ’ ಮತ್ತು ‘ಪಾಸಾಗಿ’ ಅಂತ ಬಿಡಿಸಿಟ್ಟದ್ದು ಬಹಳ ಚೆನ್ನಾಗಿದೆ. ಕ್ಲಾಸಿನಲ್ಲಿ ಇಷ್ಟು ಚಿಕ್ಕದಾಗಿ ಹೇಳಲು ನನಗೆ ಆಗಿರಲಿಲ್ಲ.

ದಾವಣಗೆರೆ_ಆಫೀಸು:

ಮೂವರಿಗೂ ನಮಸ್ಕಾರ. ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಹಳೆಯ ನೋಟಿಸುಗಳ ಫೈಲು ತೆಗೆದು ಕೂತೆ. ಪ್ರತಿ ವಾಕ್ಯಕ್ಕೂ ಎರಡು ಪ್ರಶ್ನೆ ಕೇಳಿಕೊಂಡೆ. ಇದು ಮಾಡಿದವರೋ, ಮಾಡಿಸಿಕೊಂಡದ್ದೋ? ಮುಖ್ಯ ಕ್ರಿಯೆಯ ಹೊತ್ತಿಗೇ ಇದೂ ನಡೆಯುತ್ತದೆಯೋ, ಮೊದಲೇ ಮುಗಿದಿದೆಯೋ? ತಿದ್ದಿದ್ದನ್ನು ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ಹೇಳಿ.

‘ದ ಸ್ಪೋರ್ಟ್ಸ್ ಡೇ ಟು ಬಿ ಹೆಲ್ಡ್ ಆನ್ ಸ್ಯಾಟರ್‌ಡೇ ಈಸ್ ಪೋಸ್ಟ್‌ಪೋನ್ಡ್.’

‘ಸ್ಟೂಡೆಂಟ್ಸ್ ಟ್ರಾವೆಲಿಂಗ್ ಬೈ ಕಾಲೇಜ್ ಬಸ್ ಮಸ್ಟ್ ಪೇ ದ ಫೀ ಬೈ ಮಂಡೇ.’

‘ದ ಲೈಬ್ರರಿ ಬ್ಲಾಕ್ ಬೀಯಿಂಗ್ ಬಿಲ್ಟ್ ಬಿಹೈಂಡ್ ದ ಕ್ಯಾಂಟೀನ್ ಈಸ್ ಔಟ್ ಆಫ್ ಬೌಂಡ್ಸ್.’

‘ಬುಕ್ಸ್ ಬಿಲಾಂಗಿಂಗ್ ಟು ದ ಲೈಬ್ರರಿ ಮಸ್ಟ್ ಬಿ ರಿಟರ್ನ್ಡ್.’

‘ಸ್ಟೂಡೆಂಟ್ಸ್ ರೈಟಿಂಗ್ ದ ಎಕ್ಸಾಮ್ ಲಾಸ್ಟ್ ಇಯರ್ ಮಸ್ಟ್ ಕಲೆಕ್ಟ್ ದೇರ್ ಮಾರ್ಕ್ಸ್ ಕಾರ್ಡ್ಸ್.’

ನಿವೃತ್ತ_ಮೇಷ್ಟ್ರು:

ಮೊದಲ ನಾಲ್ಕು ಹಾಗೇ ಬೋರ್ಡಿಗೆ ಹಾಕಿ ಮೇಡಂ. ಎರಡನೆಯದನ್ನು ನೋಡಿ ಸಂತೋಷ ಆಯಿತು. ಈಗ ಬಸ್ಸಿನಲ್ಲಿ ಕೂತವರಿಗೆ ಮಾತ್ರ ಅಲ್ಲ, ದಿನವೂ ಬಸ್ಸಿನಲ್ಲಿ ಬರುವವರಿಗೆಲ್ಲ ಅನ್ವಯ ಆಗುತ್ತದೆ. ಇಂಗ್ ಅಲ್ಲಿ ಸರಿಯಾಗಿ ಕೂತಿದೆ.

ಐದನೆಯದು ನಿಮ್ಮ ಕಿಟಕಿ ಒಡೆದ ಹುಡುಗನೇ. ಪರೀಕ್ಷೆ ಬರೆದದ್ದು ಹೋದ ವರ್ಷ, ಮಾರ್ಕ್ಸ್ ಕಾರ್ಡ್ ತೆಗೆದುಕೊಳ್ಳಬೇಕಾದದ್ದು ಈಗ. ಎರಡು ಗಡಿಯಾರ. ‘ಹೂ ರೋಟ್’ ಅಂತ ತಿದ್ದಿ.